ಮನೆಯಲ್ಲಿ ಗೋಧಿ ಬಿಯರ್: ಯಾವ ಬಗೆ, ಯಾವ ಯೀಸ್ಟ್, ಯಾವ ವಿಧಾನ?

ಗೋಧಿ ಬಿಯರ್ ಮಾಡಲು ಹೊರಟವರು ಮೊದಲು ಕೇಳುವುದು ಸಾಮಾನ್ಯವಾಗಿ ವಿಧಾನದ ಪ್ರಶ್ನೆ. ಮಾಲ್ಟ್ ಎಕ್ಸ್‌ಟ್ರಾಕ್ಟ್ (ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು, ಎಕ್ಸ್‌ಟ್ರಾಕ್ಟ್ ಅಂದರೆ ಅದರ ಸಿಹಿಯ ಪುಡಿ ಅಥವಾ ಪಾಕ) ತಂದು ಕುದಿಸಿದರೆ ಸಾಕಾ, ಕಾಳು ನೆನೆಸಿ ಮೊದಲಿನಿಂದ ಮಾಡಬೇಕಾ? ಆಮೇಲೆ ಜರ್ಮನ್ ಬಗೆಯೋ ಬೆಲ್ಜಿಯನ್ ಬಗೆಯೋ ಎಂಬ ಗೊಂದಲ. ಯೀಸ್ಟ್ ವಿಷಯ ಬರುವುದು ಕಟ್ಟಕಡೆಗೆ, ಸಾಮಾನಿನ ಪಟ್ಟಿ ಬರೆಯುವಾಗ. ನನ್ನನ್ನು ಕೇಳಿದರೆ ಈ ಕ್ರಮವೇ ತಲೆಕೆಳಗು.

ಗೋಧಿ ಬಿಯರ್‌ನ ರುಚಿಯಲ್ಲಿ ಗೋಧಿಯ ಪಾಲು ನಾವು ಅಂದುಕೊಂಡಷ್ಟಿಲ್ಲ. ಗೋಧಿ ಕೊಡುವುದು ಮಬ್ಬು ಬಣ್ಣ, ದಟ್ಟ ನೊರೆ, ಬಾಯಲ್ಲಿ ಒಂದು ಮೆತ್ತನೆಯ ತೂಕ. ಬಾಳೆಹಣ್ಣಿನ ಪರಿಮಳ, ಲವಂಗದ ಘಾಟು ಇವೆಲ್ಲ ಯೀಸ್ಟ್‌ನ ಕೆಲಸ. ಆ ಯೀಸ್ಟ್ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದನ್ನು ನಿರ್ಧರಿಸುವುದು ಉಷ್ಣಾಂಶ. ಹಾಗಾಗಿ ಬಿಯರ್ ಹುದುಗುವ ಮೊದಲ ನಾಲ್ಕೈದು ದಿನ ಅದನ್ನು ಎಷ್ಟು ಡಿಗ್ರಿಯಲ್ಲಿ ಇಡಬಲ್ಲಿರಿ ಅನ್ನುವುದು ಮೊದಲು ಗೊತ್ತಾಗಬೇಕು. ಅದು ಗೊತ್ತಾದರೆ ಉಳಿದ ಅರ್ಧ ಆಯ್ಕೆ ತಾನಾಗಿಯೇ ಆಗುತ್ತದೆ.

ಯಾವುದನ್ನು ಅಳೆದು ನೋಡಬೇಕು

ನಾನು ಐದು ವಿಷಯ ನೋಡುತ್ತೇನೆ. ಮೊದಲನೆಯದು ಈಗ ಹೇಳಿದ ಉಷ್ಣಾಂಶ. ಎರಡನೆಯದು, ನಿಮಗೆ ಯಾವ ರುಚಿ ಬೇಕು: ಹಣ್ಣಿನ ಪರಿಮಳವೋ, ಮಸಾಲೆಯ ಘಮವೋ, ಸುಮ್ನೆ ತಂಪಾಗಿ ಹಗುರವಾಗಿ ಇದ್ದರೆ ಸಾಕೋ. ಮೂರನೆಯದು ಸಮಯ. ಒಂದು ಸಂಜೆಯಲ್ಲಿ ಮುಗಿಯಬೇಕೋ, ಇಡೀ ದಿನ ಕೊಡಬಲ್ಲಿರೋ? ನಾಲ್ಕನೆಯದು ದುಡ್ಡು. ಅದರಲ್ಲೂ ಒಮ್ಮೆ ಹಾಕಿ ಮರೆಯುವ ದುಡ್ಡು ಬೇರೆ, ಪ್ರತಿ ಸಲ ಖರ್ಚಾಗುವ ದುಡ್ಡು ಬೇರೆ. ಐದನೆಯದು, ಎಷ್ಟು ಕುಡಿಯುತ್ತೀರಿ. ಇದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಆದರೆ ಗೋಧಿ ಬಿಯರ್ ಹಳತಾದಷ್ಟೂ ರುಚಿ ಏರುವ ಪಾನೀಯವಲ್ಲ. ಎರಡು ಮೂರು ತಿಂಗಳಲ್ಲಿ ಅದರ ಪರಿಮಳ ಮಂಕಾಗುತ್ತದೆ. 20 ಲೀಟರ್ ಮಾಡಿದರೆ ಅರ್ಧ ಲೀಟರಿನ ಹತ್ತಿರ ಹತ್ತಿರ 40 ಬಾಟಲಿ ಆಗುತ್ತದೆ. ಮನೆಯಲ್ಲಿ ಕುಡಿಯುವವರು ಒಬ್ಬರೇ ಆದರೆ ಅಷ್ಟು ಯಾಕೆ ಅಲ್ವಾ?

ಇನ್ನೊಂದು ಮಾತು. ಮನೆಯಲ್ಲಿ ಬಿಯರ್ ಮಾಡುವುದಕ್ಕೆ ಎಲ್ಲ ಕಡೆ ಒಂದೇ ಕಾನೂನು ಇಲ್ಲ. ಕೆಲವು ಕಡೆ ಸ್ವಂತಕ್ಕೆ ಮಾಡಿಕೊಳ್ಳಬಹುದು, ಕೆಲವು ಕಡೆ ಪರವಾನಗಿ ಬೇಕು, ಕೆಲವು ಕಡೆ ಮಾಡುವಂತೆಯೇ ಇಲ್ಲ. ಸಾಮಾನು ತರುವ ಮೊದಲೇ ಅದನ್ನು ತಿಳಿದುಕೊಳ್ಳಿ.

ಬಗೆಗಳು

ಹೆಫೆವೈಟ್ಸೆನ್ ಅಂದರೆ ಬವೇರಿಯಾದ ಗೋಧಿ ಬಿಯರ್. ಗೋಧಿ ಬಿಯರ್ ಅಂದಾಗ ಬಹಳ ಜನರ ಮನಸ್ಸಿಗೆ ಬರುವುದು ಇದೇ. ಜರ್ಮನಿಯ ನಿಯಮದ ಪ್ರಕಾರ ಇದರ ಮಾಲ್ಟ್‌ನಲ್ಲಿ ಕನಿಷ್ಠ ಅರ್ಧ ಗೋಧಿ ಇರಬೇಕು. ಮನೆಯಲ್ಲಿ ಮಾಡುವವರು 50ರಿಂದ 65 ಶೇಕಡಾ ಗೋಧಿ ಮಾಲ್ಟ್, ಉಳಿದದ್ದಕ್ಕೆ ಪಿಲ್ಸ್ನರ್ ಬಾರ್ಲಿ ಮಾಲ್ಟ್ ಹಾಕುತ್ತಾರೆ. ಕಹಿ ಬಹಳ ಕಡಿಮೆ, 8ರಿಂದ 15 ಐಬಿಯು (ಕಹಿಯ ಅಳತೆ) ಒಳಗೆ. ಆಲ್ಕೋಹಾಲ್ ಶೇಕಡಾ 5ರ ಆಸುಪಾಸು. (1516ರ ಬವೇರಿಯಾದ ಬಿಯರ್ ಕಾನೂನು ಬಾರ್ಲಿ, ಹಾಪ್ಸ್ ಎಂಬ ಕಹಿ ಕೊಡುವ ಹೂವು, ನೀರು ಇಷ್ಟನ್ನೇ ಹಾಕಬೇಕು ಅಂದಿತ್ತು. ಆದರೂ ಗೋಧಿ ಬಿಯರ್ ಉಳಿಯಿತು, ಯಾಕೆಂದರೆ ಆಳುವ ಮನೆತನವೇ ಅದರ ಹಕ್ಕನ್ನು ತನ್ನ ಕೈಯಲ್ಲಿ ಇಟ್ಟುಕೊಂಡು ಲಾಭ ಮಾಡಿಕೊಂಡಿತು. 1872ರಲ್ಲಿ ಗಿಯೋರ್ಗ್ ಶ್ನೈಡರ್ ಎಂಬ ಬಿಯರ್ ತಯಾರಕ ಆ ಹಕ್ಕನ್ನು ಪಡೆದುಕೊಂಡ.)

ಹೆಫೆವೈಟ್ಸೆನ್‌ಗೆ ಸಾಮಾನು ಸುಲಭ, ಹಾಪ್ಸ್ ಖರ್ಚು ಕಡಿಮೆ. ಆದರೆ ಉಷ್ಣಾಂಶದ ವಿಷಯದಲ್ಲಿ ಇದು ಹಟಮಾರಿ. 17–18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುದುಗಿದರೆ ಲವಂಗ ಮುಂದೆ ಬರುತ್ತದೆ. 20–22ಕ್ಕೆ ಹೋದರೆ ಬಾಳೆಹಣ್ಣು ಜಾಸ್ತಿ. 25 ದಾಟಿದರೆ ಬಾಳೆಹಣ್ಣಿನ ಜೊತೆಗೆ ನೇಲ್ ಪಾಲಿಶ್ ವಾಸನೆಯೂ ಬರಬಹುದು, ತಲೆಗೆ ಹತ್ತುವ ಒರಟು ಆಲ್ಕೋಹಾಲ್ ಕೂಡ. ಇಲ್ಲಿ ಹೇಳುತ್ತಿರುವುದು ಬಿಯರ್‌ನ ಉಷ್ಣಾಂಶ, ಕೋಣೆಯದ್ದಲ್ಲ. ಯೀಸ್ಟ್ ಜೋರಾಗಿ ಕೆಲಸ ಮಾಡುವಾಗ ತಾನೇ ಬಿಸಿ ಹುಟ್ಟಿಸುತ್ತದೆ. ಕೋಣೆಗಿಂತ ಮೂರು ನಾಲ್ಕು ಡಿಗ್ರಿ ಮೇಲೆ ಹೋಗುವುದು ಸಾಮಾನ್ಯ. ಹಾಗಾಗಿ ಕೋಣೆ 20 ಡಿಗ್ರಿ ಇದೆ ಅಂತ ನೆಮ್ಮದಿಯಾಗಿ ಕೂರುವ ಹಾಗಿಲ್ಲ.

ಬೆಲ್ಜಿಯಂನ ವಿಟ್‌ಬಿಯರ್‌ನ ದಾರಿ ಬೇರೆ. ಅಲ್ಲಿ ಗೋಧಿಯನ್ನು ಮಾಲ್ಟ್ ಮಾಡದೆ ಹಾಗೇ ಹಾಕುತ್ತಾರೆ, ಸುಮಾರು ಅರ್ಧ ಭಾಗ. ಜೊತೆಗೆ ಸ್ವಲ್ಪ ಓಟ್ಸ್. ಕುದಿಯ ಕೊನೆಯಲ್ಲಿ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆ ಬೀಳುತ್ತದೆ. 20ನೇ ಶತಮಾನದ ನಡುವೆ ಹೂಗಾರ್ಡನ್ ಊರಿನಲ್ಲಿ ಈ ಬಗೆ ಪೂರ್ತಿ ನಿಂತೇಹೋಗಿತ್ತು. 1960ರ ದಶಕದಲ್ಲಿ ಪಿಯರ್ ಸೆಲಿಸ್ ಎಂಬವರು ಅದನ್ನು ಮತ್ತೆ ಶುರು ಮಾಡಿದರು. ಮನೆಯಲ್ಲಿ ಮಾಡುವವರಿಗೆ ಇದರ ದೊಡ್ಡ ಅನುಕೂಲ ಒಂದಿದೆ. ಪರಿಮಳದ ಒಂದು ಪಾಲು ಬೀಜ ಮತ್ತು ಸಿಪ್ಪೆಯಿಂದ ಬರುವುದರಿಂದ ಉಷ್ಣಾಂಶ ಒಂದೆರಡು ಡಿಗ್ರಿ ಆಚೆ ಈಚೆ ಆದರೂ ಬಿಯರ್ ಕೆಡುವುದಿಲ್ಲ. ವಿಟ್ ಯೀಸ್ಟ್‌ಗಳು 20ರಿಂದ 23 ಡಿಗ್ರಿಯಲ್ಲಿ ಚೆನ್ನಾಗಿಯೇ ಇರುತ್ತವೆ.

ತೊಂದರೆ ಇರುವುದು ಮಸಾಲೆಯ ಕೈ ಅಳತೆಯಲ್ಲಿ. 20 ಲೀಟರಿಗೆ 15 ಗ್ರಾಂ ಕೊತ್ತಂಬರಿ ಬೀಜ ಸಾಕು. ಆಗಷ್ಟೇ ಜಜ್ಜಿ, ಕುದಿ ಮುಗಿಯಲು ಐದು ನಿಮಿಷ ಇರುವಾಗ ಹಾಕಿ. ಪುಡಿ ಮಾಡಿಟ್ಟ ಕೊತ್ತಂಬರಿ ಬೇಡ. ಕಿತ್ತಳೆಯ ಹೊರಗಿನ ಬಣ್ಣದ ಪದರ ಮಾತ್ರ ಹೆರೆಯಿರಿ, ಒಳಗಿನ ಬಿಳಿ ಭಾಗ ಕಹಿ ಕೊಡುತ್ತದೆ. ಕುಡಿಯುವವರು "ಇದರಲ್ಲಿ ಕೊತ್ತಂಬರಿ ಇದೆ" ಅಂತ ಗುರುತಿಸಿದರೆ ಮುಂದಿನ ಸಲ ಅಳತೆ ಇಳಿಸಿ.

ಅಮೆರಿಕನ್ ಬಗೆಯ ಗೋಧಿ ಬಿಯರ್ ಇವೆರಡಕ್ಕಿಂತ ಸರಳ. ಗೋಧಿ ಮಾಲ್ಟ್ 30ರಿಂದ 50 ಶೇಕಡಾ, ಯೀಸ್ಟ್ ತನ್ನದೇ ಪರಿಮಳ ಹೆಚ್ಚು ಬಿಡದಂಥದ್ದು, ಹಾಪ್ಸ್ ಸ್ವಲ್ಪ ಧಾರಾಳ. ಬಾಳೆಹಣ್ಣು, ಲವಂಗ ಎರಡೂ ಇರುವುದಿಲ್ಲ. ಹೆಫೆವೈಟ್ಸೆನ್ ಪ್ರಿಯರು ಇದನ್ನು ಸಪ್ಪೆ ಅನ್ನುತ್ತಾರೆ. ಆದರೆ ಬಾಳೆಹಣ್ಣಿನ ವಾಸನೆ ಬಿಯರ್‌ನಲ್ಲಿ ಸೇರದವರು ಬಹಳ ಜನ ಇದ್ದಾರೆ. ಅವರಿಗೆ ಇದೇ ಸರಿ.

ಬರ್ಲಿನ್ ಕಡೆಯ ಹುಳಿ ಗೋಧಿ ಬಿಯರ್ ಕೂಡ ಇದೆ, ಬರ್ಲಿನರ್ ವೈಸ್ಸೆ. ಅದಕ್ಕೆ ಹುಳಿ ಬರಿಸುವ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ಬೇಕು, ಪಿಎಚ್ (ಹುಳಿಯ ಮಟ್ಟ) ಅಳೆಯಬೇಕು. ಮೊದಲ ಬ್ಯಾಚ್‌ಗೆ ಬೇಡ.

ತಂಪು ಇಲ್ಲದ ಮನೆ

ನಿಮ್ಮ ಕೋಣೆ 18 ಡಿಗ್ರಿ ಒಳಗೇ ಇರುತ್ತದಾ? ಹಾಗಾದರೆ ಮೂರರಲ್ಲಿ ಯಾವುದನ್ನು ಬೇಕಾದರೂ ಆರಿಸಿ. 20ರಿಂದ 24ರ ನಡುವೆ ಇದ್ದರೆ ಹುದುಗುವ ಪಾತ್ರೆಯನ್ನು ನೀರು ತುಂಬಿದ ದೊಡ್ಡ ಟಬ್‌ನಲ್ಲಿ ಇಟ್ಟು, ಬೆಳಗ್ಗೆ ಸಂಜೆ ಐಸ್ ಬಾಟಲಿ ಬದಲಿಸಿದರೆ ಹೆಫೆವೈಟ್ಸೆನ್ ಮಾಡಬಹುದು. ಈ ಪಡಿಪಾಟಲು ಮೊದಲ ಮೂರು ನಾಲ್ಕು ದಿನ ಮಾತ್ರ. ಆಮೇಲೆ ಉಷ್ಣಾಂಶ ಏರಿದರೆ ಪರವಾಗಿಲ್ಲ, ಪರಿಮಳದ ಕೆಲಸ ಅಷ್ಟರಲ್ಲಿ ಮುಗಿದಿರುತ್ತದೆ.

ಅದಕ್ಕಿಂತ ಬಿಸಿ ಮನೆಯಾದರೆ ಎರಡೇ ದಾರಿ. ಒಂದು, ಹಳೆಯ ಫ್ರಿಜ್‌ಗೆ ಉಷ್ಣಾಂಶ ನಿಯಂತ್ರಕ ಜೋಡಿಸುವುದು. ಬಿಯರ್ ಹವ್ಯಾಸದಲ್ಲಿ ದುಡ್ಡು ಹಾಕಲೇಬೇಕಾದ ಒಂದು ವಸ್ತು ಯಾವುದು ಅಂದರೆ ನಾನು ಇದನ್ನೇ ಹೇಳುತ್ತೇನೆ. ದೊಡ್ಡ ಸ್ಟೀಲ್ ಕೆಟಲ್, ಪಂಪು, ಮಾಲ್ಟ್ ಬೀಸುವ ಯಂತ್ರ ಎಲ್ಲ ಆಮೇಲೆ. ಇನ್ನೊಂದು, ಬಿಸಿಗೆ ಹೆದರದ ಯೀಸ್ಟ್ ಹಾಕುವುದು. ನಾರ್ವೆಯ ವೋಸ್ ಕ್ವೈಕ್ ಯೀಸ್ಟ್ 35 ಡಿಗ್ರಿಯಲ್ಲೂ ಶುದ್ಧವಾಗಿ ಹುದುಗುತ್ತದೆ, ಕಿತ್ತಳೆಯಂಥ ಪರಿಮಳ ಕೊಡುತ್ತದೆ. ಅದರಿಂದ ಹೆಫೆವೈಟ್ಸೆನ್ ಆಗುವುದಿಲ್ಲ, ಅದರ ಆಸೆ ಬಿಡಿ. ಆದರೆ ಅಮೆರಿಕನ್ ಗೋಧಿ ಬಿಯರ್ ಚೆನ್ನಾಗಿ ಆಗುತ್ತದೆ. ಸ್ವಲ್ಪ ಕೊತ್ತಂಬರಿ ಬೀಜ ಸೇರಿಸಿದರೆ ವಿಟ್‌ಬಿಯರ್‌ಗೆ ಹತ್ತಿರವೂ ಬರುತ್ತದೆ. ಬೇಸಿಗೆಯಲ್ಲಿ ಐಸ್ ಬಾಟಲಿ ಹಿಡಿದು ಒದ್ದಾಡುವುದಕ್ಕಿಂತ ಇದು ಜಾಣತನ.

ಎಕ್ಸ್‌ಟ್ರಾಕ್ಟ್, ಚೀಲ, ಮ್ಯಾಶ್ ಟನ್

ಈಗ ಎಲ್ಲರೂ ಮೊದಲು ಕೇಳುವ ಪ್ರಶ್ನೆ.

ಎಕ್ಸ್‌ಟ್ರಾಕ್ಟ್ ಅಂದರೆ ಕಾಳಿನ ಸಿಹಿಯನ್ನು ಕಾರ್ಖಾನೆಯಲ್ಲೇ ತೆಗೆದು ಪುಡಿ ಅಥವಾ ಪಾಕ ಮಾಡಿ ಕೊಡುವುದು. ಗೋಧಿ ಎಕ್ಸ್‌ಟ್ರಾಕ್ಟ್‌ನಲ್ಲಿ ಬರೀ ಗೋಧಿ ಇರುವುದಿಲ್ಲ, ಬಾರ್ಲಿಯೂ ಬೆರೆತಿರುತ್ತದೆ. ಕಂಪನಿಯಿಂದ ಕಂಪನಿಗೆ ಪ್ರಮಾಣ ಬದಲಾಗುತ್ತದೆ, ಆದರೆ ಸಾಮಾನ್ಯವಾಗಿ ಗೋಧಿ ಅರ್ಧಕ್ಕಿಂತ ಜಾಸ್ತಿ. ಹೆಫೆವೈಟ್ಸೆನ್‌ಗೆ ಬೇಕಾದ ಮಿಶ್ರಣವೇ ಅದು! 20 ಲೀಟರಿಗೆ 2.6 ಕೆಜಿ ಪುಡಿ ಹಾಕಿದರೆ 1.048ರ ಸುತ್ತಮುತ್ತ ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ, ಎಷ್ಟು ಸಕ್ಕರೆ ಇದೆ ಅನ್ನುವುದರ ಗುರುತು) ಬರುತ್ತದೆ. ಪಾಕವಾದರೆ 3.2 ಕೆಜಿ ಬೇಕು. ನಾಲ್ಕು ಶೇಕಡಾ ಆಲ್ಫಾ ಆಮ್ಲದ (ಕಹಿ ಕೊಡುವ ಅಂಶ) ಹಾಲರ್ಟೌ ಹಾಪ್ಸ್ 25 ಗ್ರಾಂ ಹಾಕಿ ಒಂದು ಗಂಟೆ ಕುದಿಸಿ, ತಣಿಸಿ, ಯೀಸ್ಟ್ ಹಾಕಿ. ಎರಡೂವರೆ ಮೂರು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಎಕ್ಸ್‌ಟ್ರಾಕ್ಟ್ ಬಿಯರ್ ಅಂದರೆ ಕೀಳು ಅನ್ನುವ ಮಾತು ಬಹಳ ಕಡೆ ಕೇಳಿಬರುತ್ತದೆ. ಬೇರೆ ಬಗೆಗಳಲ್ಲಿ ಆ ಮಾತಿಗೆ ಒಂದಿಷ್ಟು ಅರ್ಥ ಇರಬಹುದು. ಇಲ್ಲಿ ಅದಕ್ಕೆ ಕಿವಿಗೊಡಬೇಡಿ. ತಾಜಾ ಪುಡಿ, ಒಳ್ಳೆಯ ಯೀಸ್ಟ್, ಸರಿಯಾದ ತಂಪು ಇದ್ದರೆ ಕಣ್ಣು ಕಟ್ಟಿ ಕೊಟ್ಟಾಗ ವ್ಯತ್ಯಾಸ ಹೇಳುವುದು ಕಷ್ಟ. ಪಾಕಕ್ಕಿಂತ ಪುಡಿ ಹೆಚ್ಚು ದಿನ ತಾಜಾ ಇರುತ್ತದೆ. ಹಳೆಯ ಪಾಕ ಬಣ್ಣವನ್ನೂ ಕಪ್ಪಾಗಿಸುತ್ತದೆ.

ಎಕ್ಸ್‌ಟ್ರಾಕ್ಟ್ ಸೋಲುವುದು ಎರಡು ಕಡೆ. ಒಂದು ಖರ್ಚು. ಪ್ರತಿ ಬ್ಯಾಚ್‌ಗೂ ಕಾಳಿಗಿಂತ ಜಾಸ್ತಿ ಬೀಳುತ್ತದೆ. ಇನ್ನೊಂದು ಲವಂಗ. ಲವಂಗದ ಘಮ ಬರುವುದು ಕಾಳಿನಲ್ಲಿರುವ ಫೆರುಲಿಕ್ ಆಮ್ಲವನ್ನು ಯೀಸ್ಟ್ ಬದಲಾಯಿಸಿದಾಗ. ಕಾಳನ್ನು 43–45 ಡಿಗ್ರಿಯ ನೀರಿನಲ್ಲಿ ಹದಿನೈದು ನಿಮಿಷ ಇಟ್ಟರೆ ಆ ಆಮ್ಲ ಹೆಚ್ಚು ಬಿಡುಗಡೆಯಾಗುತ್ತದೆ. ಎಕ್ಸ್‌ಟ್ರಾಕ್ಟ್‌ನಲ್ಲಿ ಈ ಹಂತ ನಿಮ್ಮ ಕೈಯಲ್ಲಿ ಇಲ್ಲ. ಲವಂಗ ಬರುವುದೇ ಇಲ್ಲ ಅಂತಲ್ಲ, ಹೆಚ್ಚಿಸುವ ದಾರಿ ಇಲ್ಲ ಅಷ್ಟೇ. ವಿಟ್‌ಬಿಯರ್‌ನ ಹಸಿ ಗೋಧಿಯ ಗುಣವೂ ಎಕ್ಸ್‌ಟ್ರಾಕ್ಟ್‌ನಲ್ಲಿ ಪೂರ್ತಿ ಸಿಗುವುದಿಲ್ಲ.

ಕಾಳಿನಿಂದ ಮಾಡಬೇಕು ಅಂದರೆ ನನ್ನ ಮತ ಚೀಲದ ವಿಧಾನಕ್ಕೆ. ದೊಡ್ಡ ಪಾತ್ರೆಗೆ ಜಾಳು ಬಟ್ಟೆಯ ಚೀಲ ಹಾಸಿ, ಅದರಲ್ಲೇ ಕಾಳಿನ ನುಚ್ಚನ್ನು 66 ಡಿಗ್ರಿ ನೀರಿನಲ್ಲಿ ಒಂದು ಗಂಟೆ ನೆನೆಸಿ, ಚೀಲ ಎತ್ತಿ ಸೋರಲು ಬಿಡುವುದು. ಉಳಿದ ನೀರನ್ನು ಅದೇ ಪಾತ್ರೆಯಲ್ಲಿ ಕುದಿಸುವುದು. 20 ಲೀಟರಿಗೆ ಸುಮಾರು 4.5 ಕೆಜಿ ಕಾಳು ಬೇಕಾಗುತ್ತದೆ. ಗೋಧಿಗೆ ಈ ವಿಧಾನ ಯಾಕೆ ಒಗ್ಗುತ್ತದೆ ಅಂದರೆ, ಗೋಧಿ ಕಾಳಿಗೆ ಬಾರ್ಲಿಗಿರುವ ಹಾಗೆ ಹೊಟ್ಟು ಇಲ್ಲ. ಮ್ಯಾಶ್ ಟನ್‌ನಲ್ಲಿ, ಅಂದರೆ ಕಾಳು ನೆನೆಸಿ ನಲ್ಲಿಯಿಂದ ರಸ ಇಳಿಸುವ ಪಾತ್ರೆಯಲ್ಲಿ, ಆ ಹೊಟ್ಟೇ ಜರಡಿಯ ಕೆಲಸ ಮಾಡುವುದು. ಅರ್ಧಕ್ಕಿಂತ ಜಾಸ್ತಿ ಗೋಧಿ ಇದ್ದರೆ ಎಲ್ಲ ಅಂಟಿನಂತೆ ಕೂತು, ನಲ್ಲಿಯಿಂದ ಒಂದು ಹನಿಯೂ ಬಾರದ ಸ್ಥಿತಿ ಬರುತ್ತದೆ. ಭತ್ತದ ಹೊಟ್ಟನ್ನು ತೊಳೆದು ಶೇಕಡಾ 5ರಷ್ಟು ಬೆರೆಸಿದರೆ ಬಚಾವಾಗಬಹುದು. ಚೀಲದಲ್ಲಿ ಈ ರಗಳೆಯೇ ಇಲ್ಲ, ಹಿಂಡಿದರೆ ಆಯಿತು. ಅನನುಕೂಲ ತೂಕದ್ದು. ಒದ್ದೆ ಕಾಳಿನ ಬಿಸಿ ಚೀಲ ಎತ್ತಿ ಹಿಡಿಯಲು ಗಟ್ಟಿ ಕೊಕ್ಕೆಯೋ ಇನ್ನೊಂದು ಜೊತೆ ಕೈಯೋ ಬೇಕು.

ಮ್ಯಾಶ್ ಟನ್ ಈಗಾಗಲೇ ಮನೆಯಲ್ಲಿ ಇದ್ದರೆ ಸರಿ. ಗೋಧಿ ಬಿಯರ್‌ಗೋಸ್ಕರ ಹೊಸದಾಗಿ ತರಬೇಡಿ.

ಸಣ್ಣ ಅಡುಗೆಮನೆ ಇರುವವರಿಗೆ ಒಂದು ಮಾತು. 12 ಲೀಟರ್ ಪಾತ್ರೆಯಲ್ಲಿ ಚೀಲದ ವಿಧಾನದಿಂದ ಏಳೆಂಟು ಲೀಟರ್ ಬಿಯರ್ ಆರಾಮಾಗಿ ಮಾಡಬಹುದು. ಕಾಳು ಒಂದೂಮುಕ್ಕಾಲು ಕೆಜಿ ಸಾಕು, ಚೀಲ ಒಬ್ಬರೇ ಎತ್ತಬಹುದು, ಒಂದು ಐಸ್ ಬಾಟಲಿಯಲ್ಲೇ ತಂಪಾಗುತ್ತದೆ. ಬೇಗ ಕುಡಿದು ಮುಗಿಸಬೇಕಾದ ಬಿಯರ್‌ಗೆ ಈ ಅಳತೆಯೇ ಹೇಳಿ ಮಾಡಿಸಿದಂತಿದೆ. ಸಾಮಾನು ತೊಳೆಯುವ ಕೆಲಸ ಮಾತ್ರ 20 ಲೀಟರಿಗೂ ಅಷ್ಟೇ, ಎಂಟು ಲೀಟರಿಗೂ ಅಷ್ಟೇ.

ಒಣ ಯೀಸ್ಟೋ, ದ್ರವ ಯೀಸ್ಟೋ?

ಜರ್ಮನ್ ಬಗೆಗೆ ದ್ರವ ಯೀಸ್ಟ್‌ಗಳಲ್ಲಿ ಹೆಸರಾದವು ವೈಯೀಸ್ಟ್ 3068 ಮತ್ತು ವೈಟ್ ಲ್ಯಾಬ್ಸ್‌ನ ಡಬ್ಲ್ಯೂಎಲ್‌ಪಿ300. ಬಾಳೆಹಣ್ಣು, ಲವಂಗ ಎರಡೂ ತುಂಬಿ ಬರುತ್ತವೆ. ಆದರೆ ದ್ರವ ಯೀಸ್ಟ್ ಬೆಲೆ ಜಾಸ್ತಿ, ಬಾಳಿಕೆ ಕಡಿಮೆ, ಬರುವ ದಾರಿಯಲ್ಲಿ ಬಿಸಿ ತಗುಲಿದರೆ ಅರ್ಧ ಸತ್ತೇ ಕೈಸೇರುತ್ತದೆ. ಒಣ ಯೀಸ್ಟ್ ಫ್ರಿಜ್‌ನಲ್ಲಿ ವರ್ಷಗಟ್ಟಲೆ ಇರುತ್ತದೆ. 11 ಗ್ರಾಂನ ಒಂದು ಪೊಟ್ಟಣ 20 ಲೀಟರಿಗೆ ಸಾಕು.

ಒಣದರಲ್ಲೂ ಎರಡು ಗುಣ ಇವೆ. ಲಾಲೆಮಾಂಡ್‌ನ ಮ್ಯೂನಿಕ್ ಕ್ಲಾಸಿಕ್ ದ್ರವ ಯೀಸ್ಟ್‌ನ ರುಚಿಗೆ ಹತ್ತಿರ ಬರುತ್ತದೆ. ಫರ್ಮೆಂಟಿಸ್‌ನ ಡಬ್ಲ್ಯೂಬಿ-06 ಎಲ್ಲ ಕಡೆ ಸಿಗುತ್ತದೆ, ಬಿಯರ್ ಒಣದಾಗಿ, ಚುರುಕಾಗಿ ಆಗುತ್ತದೆ. ಆದರೆ ಇದು ಡಯಾಸ್ಟಾಟಿಕಸ್ ಗುಂಪಿನ ಯೀಸ್ಟ್. ಬೇರೆ ಯೀಸ್ಟ್ ಮುಟ್ಟದೆ ಬಿಡುವ ಸಕ್ಕರೆಯನ್ನೂ ಇದು ನಿಧಾನಕ್ಕೆ ತಿನ್ನುತ್ತಾ ಹೋಗುತ್ತದೆ. ಹುದುಗು ನಿಂತಿತು ಅಂತ ಅವಸರದಲ್ಲಿ ಬಾಟಲಿಗೆ ತುಂಬಿದರೆ ಒಳಗೆ ಒತ್ತಡ ಏರುತ್ತಲೇ ಇರುತ್ತದೆ. ಗ್ರಾವಿಟಿ ಅಳೆಯುವ ಹೈಡ್ರೋಮೀಟರ್‌ನ ಅಂಕಿ ಮೂರು ದಿನ ಅಲುಗಾಡದೆ ನಿಂತ ಮೇಲೇ ಬಾಟಲಿ ಮುಟ್ಟಿ. ಸಾಮಾನನ್ನು ಚೆನ್ನಾಗಿ ಶುಚಿ ಮಾಡಿ, ಇಲ್ಲದಿದ್ದರೆ ಇದು ಮುಂದಿನ ಬ್ಯಾಚ್‌ಗೂ ನುಸುಳುತ್ತದೆ. ಕೈಗೆ ಎರಡೂ ಸಿಗುವ ಹಾಗಿದ್ದರೆ ಹೊಸಬರು ಮ್ಯೂನಿಕ್ ಕ್ಲಾಸಿಕ್ ಆರಿಸಲಿ. ದ್ರವ ಯೀಸ್ಟ್‌ಗೆ ಹೋಗುವುದು ಉಷ್ಣಾಂಶ ಹಿಡಿತಕ್ಕೆ ಬಂದ ಮೇಲೆ. ಅದಕ್ಕೂ ಮೊದಲು ಆ ದುಡ್ಡಿಗೆ ಫಲ ಸಿಗುವುದಿಲ್ಲ.

ಯೀಸ್ಟ್ ಯಾವುದೇ ಆಗಲಿ, ಪಾತ್ರೆಯಲ್ಲಿ ಕಾಲು ಭಾಗ ಖಾಲಿ ಬಿಡಿ. ಗೋಧಿ ಬಿಯರ್‌ನ ನೊರೆ ಉಕ್ಕಿಬಂದ ಹಾಲಿನ ಹಾಗೆ ಮುಚ್ಚಳ ತಳ್ಳಿಕೊಂಡು ಹೊರಗೆ ಬರುತ್ತದೆ. ಏರ್‌ಲಾಕ್ (ಗ್ಯಾಸ್ ಹೊರಬಿಟ್ಟು ಗಾಳಿ ಒಳಗೆ ಬಿಡದ ಸಣ್ಣ ಸಾಧನ) ಬದಲು ಮೊದಲ ಎರಡು ದಿನ ದಪ್ಪ ಪೈಪ್ ಹಾಕಿ ಅದರ ತುದಿಯನ್ನು ನೀರಿನ ಪಾತ್ರೆಯಲ್ಲಿ ಮುಳುಗಿಸಿದರೆ ನೆಲ ಒರೆಸುವ ಕೆಲಸ ತಪ್ಪುತ್ತದೆ. ನೀರಿನಲ್ಲಿ ಕ್ಲೋರಿನ್ ವಾಸನೆ ಇದ್ದರೆ ಅದನ್ನೂ ಮೊದಲೇ ತೆಗೆಯಿರಿ, ಇಲ್ಲದಿದ್ದರೆ ಬಿಯರ್‌ಗೆ ಔಷಧಿಯ ವಾಸನೆ ಬರುತ್ತದೆ.

ಬಾಟಲಿಯೋ, ಕೆಗ್ಗೋ?

ಗೋಧಿ ಬಿಯರ್‌ಗೆ ಗ್ಯಾಸ್ ಜಾಸ್ತಿ ಬೇಕು. ಬೇರೆ ಬಿಯರ್‌ಗಳಿಗೆ 2.5 ವಾಲ್ಯೂಮ್ (ಬಿಯರ್‌ನ ಗಾತ್ರದ ಎಷ್ಟು ಪಟ್ಟು ಗ್ಯಾಸ್ ಕರಗಿದೆ ಅನ್ನುವ ಲೆಕ್ಕ) ಸಾಕಾದರೆ ಹೆಫೆವೈಟ್ಸೆನ್‌ಗೆ 3ರಿಂದ 3.5 ಬೇಕು. 20 ಲೀಟರಿಗೆ 165 ಗ್ರಾಂ ಸಕ್ಕರೆ ಹಾಕಿದರೆ 3ರ ಹತ್ತಿರ ಬರುತ್ತದೆ, 200 ಗ್ರಾಂ ಹಾಕಿದರೆ 3.5. ಇದು ಬಿಯರ್ 20 ಡಿಗ್ರಿಯಲ್ಲಿ ಇದ್ದಾಗಿನ ಲೆಕ್ಕ. ತೆಳು ಗಾಜಿನ ಬಾಟಲಿಗಳಿಗೆ 3 ದಾಟಬೇಡಿ, ಒಡೆದು ಗಾಯವಾಗುತ್ತದೆ. 3.5 ಬೇಕೇ ಬೇಕು ಅನ್ನುವವರು ದಪ್ಪ ಗಾಜಿನ ಗೋಧಿ ಬಿಯರ್ ಬಾಟಲಿಗಳನ್ನೋ ಶಾಂಪೇನ್ ಬಾಟಲಿಗಳನ್ನೋ ಹುಡುಕಬೇಕು.

ಕೆಗ್‌ನಲ್ಲಿ, ಅಂದರೆ ಒತ್ತಡ ತಡೆಯುವ ಲೋಹದ ಪೀಪಾಯಿಯಲ್ಲಿ, ಒತ್ತಡ ನಿಮ್ಮ ಕೈಯಲ್ಲಿರುತ್ತದೆ, ಬಾಟಲಿ ತೊಳೆಯುವ ಕೆಲಸ ಇರುವುದಿಲ್ಲ. ಆದರೆ ಸಿಲಿಂಡರ್, ರೆಗ್ಯುಲೇಟರ್, ಫ್ರಿಜ್‌ನಲ್ಲಿ ಜಾಗ ಎಲ್ಲ ಬೇಕು. ಗೋಧಿ ಬಿಯರ್‌ಗೆ ಇನ್ನೊಂದು ತಾಪತ್ರಯ ಇದೆ: ಯೀಸ್ಟ್ ತಳಕ್ಕೆ ಇಳಿದು, ಮೊದಲ ಲೋಟಗಳು ಕೆಸರಾಗಿ, ಕೊನೆಯವು ತಿಳಿಯಾಗಿ ಬರುತ್ತವೆ. ಬಾಟಲಿಯಲ್ಲಾದರೆ ಮುಕ್ಕಾಲು ಭಾಗ ಬಗ್ಗಿಸಿ, ಉಳಿದದ್ದನ್ನು ಒಮ್ಮೆ ಸುತ್ತಿಸಿ ಸುರಿದರೆ ಪ್ರತಿ ಲೋಟವೂ ಮಬ್ಬಾಗಿಯೇ ಇರುತ್ತದೆ. ಬೇರೆ ಬಿಯರ್‌ಗೆ ಕೆಗ್ ಒಳ್ಳೆಯದು ಅನ್ನುವವನು ನಾನು. ಗೋಧಿಗೆ ಬಾಟಲಿಯೇ ಇರಲಿ.

ಯಾರಿಗೆ ಯಾವುದು

ಮೊದಲ ಸಲ, ಕೈ ಬಿಗಿ, ಮನೆ ತಂಪು: ಗೋಧಿ ಎಕ್ಸ್‌ಟ್ರಾಕ್ಟ್ ಪುಡಿ, ಮ್ಯೂನಿಕ್ ಕ್ಲಾಸಿಕ್, ಹೆಫೆವೈಟ್ಸೆನ್. ಹತ್ತು ಲೀಟರಿಗೆ ಮಾಡಿ ನೋಡಿ. ಅದಕ್ಕೆ ಪುಡಿ 1.3 ಕೆಜಿ ಸಾಕು.

ಮೊದಲ ಸಲ, ಮನೆ ಬಿಸಿ, ಫ್ರಿಜ್‌ಗೆ ದುಡ್ಡು ಹಾಕುವ ಮನಸ್ಸಿಲ್ಲ: ಅದೇ ಎಕ್ಸ್‌ಟ್ರಾಕ್ಟ್, ವೋಸ್ ಕ್ವೈಕ್, ಬೇಕಿದ್ದರೆ ಚಿಟಿಕೆ ಕೊತ್ತಂಬರಿ ಬೀಜ.

ಈಗಾಗಲೇ ಒಂದೆರಡು ಬ್ಯಾಚ್ ಮಾಡಿದ್ದೀರಿ, ಲವಂಗ ಸಾಲದು ಅನ್ನಿಸುತ್ತಿದೆ: ಚೀಲಕ್ಕೆ ಬನ್ನಿ. 44 ಡಿಗ್ರಿಯಲ್ಲಿ ಹದಿನೈದು ನಿಮಿಷ, ಆಮೇಲೆ 66, ಹುದುಗು 17–18ರಲ್ಲಿ. ಬಾಳೆಹಣ್ಣು ಸಾಲದು ಅನ್ನಿಸಿದರೆ ವಿಧಾನ ಬದಲಿಸುವ ಅಗತ್ಯವೇ ಇಲ್ಲ. ಹುದುಗನ್ನು 21–22ಕ್ಕೆ ಏರಿಸಿ ನೋಡಿ, ಅದು ಬಿಟ್ಟಿ.

ಬೇರೆ ಬೇರೆ ರುಚಿಯ ಸ್ನೇಹಿತರಿಗೆ ಕೊಡಬೇಕು, ಯಾರಿಗೆ ಏನು ಹಿಡಿಸುತ್ತದೋ ಗೊತ್ತಿಲ್ಲ: ವಿಟ್‌ಬಿಯರ್ ಚೀಲದಲ್ಲಿ ಮಾಡಿ. ಹಸಿ ಗೋಧಿಯ ಬದಲು ಗೋಧಿ ಅವಲಕ್ಕಿ (ಚಪ್ಪಟೆ ಮಾಡಿದ ಗೋಧಿ) ತಂದರೆ ಬೀಸುವ ಕೆಲಸ ಉಳಿಯುತ್ತದೆ.

ದುಡ್ಡಿದೆ, ಯಾವುದಕ್ಕೆ ಹಾಕಲಿ ಅಂತ ಕೇಳುವವರಿಗೆ: ಮೊದಲು ಫ್ರಿಜ್ ಮತ್ತು ನಿಯಂತ್ರಕ, ಆಮೇಲೆ ದಪ್ಪ ಬಾಟಲಿಗಳು, ಮೂರನೆಯದು ದ್ರವ ಯೀಸ್ಟ್. ಹೊಳೆಯುವ ಕೆಟಲ್ ನೋಡಿ ಮನಸ್ಸು ತಡೆಯದಿದ್ದರೆ ಅದು ನಾಲ್ಕನೆಯದು.